ಕೈದಿಗೆ ಕೊಟ್ಟ ನಿನ್ನ ಅಂಗಿ

ಕೋಲ್ ಕ್ರೀಕ್, ಟೆನೆಸಿ
ನವೆಂಬರ್ 1891

ತಮ್ಮಾ ಎಮ್ರಿಸ್,

ಈ ಕಾಗದ ಎಲ್ಲಿಗೆ ಕಳಿಸಬೇಕೆಂದು ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ನಮ್ಮವರ ಕೆಲಸ ಕಸಿದು ಕಂಪನಿಯವರು ಗಣಿಗೆ ಇಳಿಸಿದ್ದ ಕೈದಿಗಳನ್ನು ನಿನ್ನೆ ನಮ್ಮ ಗಂಡಸರೇ ಸೆರೆಮನೆ ಒಡೆದು ಬಿಡಿಸಿದರು. ಬೆಳಿಗ್ಗೆ ಒಬ್ಬ ಕೈದಿ ಬಾಗಿಲಿಗೆ ಬಂದ. ಪಟ್ಟೆ ಬಟ್ಟೆಯಲ್ಲಿ ಓಡಿದರೆ ಸಿಕ್ಕಿಬೀಳುತ್ತಾನೆಂದು ನಿನ್ನ ಅಂಗಿ ಕೊಟ್ಟೆ. ಕೇಳದೆ ಇರಲಾಗಲಿಲ್ಲ.

“ಎಮ್ರಿಸ್ ಅನ್ನೋ ಕಾವಲುಗಾರ ಗೊತ್ತಾ? ನನ್ನ ತಮ್ಮ.”

ಗುಂಡಿ ಹಾಕುತ್ತಿದ್ದವನ ಕೈ ನಿಂತಿತು.

“ಗೊತ್ತಿಲ್ದೆ ಏನಮ್ಮಾ? ನನಗೆ ಹೊಡಿ ಅಂತ ಮೇಲಿನೋರು ಅಂದಾಗ ಚಾವಟಿ ಬಿಸಾಕಿ ಹೋದೋನು. ಮನೆಗೆ ಹೋಗಿ ಅಕ್ಕಂಗೆ ಹೇಳ್ತೀನಿ ಅಂದಿದ್ದ. ಹೇಳ್ಲಿಲ್ವಾ?”

ನಾನು ಮೆಕ್ಕೆಜೋಳದ ರೊಟ್ಟಿ ಕಟ್ಟಿಕೊಟ್ಟೆ.

ಅವತ್ತು ನೀನು ಎರಡು ಸಲ ಬಾಗಿಲು ತಟ್ಟಿದೆ. ಕಂಪನಿಯ ಪರ ಕೈದಿಗಳನ್ನು ಕಾಯಲು ಹೋದವನೆಂದು ನಾನು ಚಿಲಕ ತೆಗೆಯಲಿಲ್ಲ. ಆಮೇಲೆ ಯಾವ ಕಡೆ ಹೋದೆ?