ಬಿಚ್ಚಿ ತೆಗೆದ ನೀಲಿ ಪಟ್ಟೆ

ಅಮ್ಮಾ,
ಮಧ್ಯಾಹ್ನ ಮೂರು ಗಂಟೆ. ಈಗಷ್ಟೇ ಕಣ್ಣು ಹತ್ತಿತ್ತು, ಕೆಳಗಿನ ದರ್ಜಿ ಅಂಗಡಿಯಲ್ಲಿ ಪರಪರ ಹೊಲಿಗೆ ಬಿಚ್ಚುವ ಸದ್ದಿಗೆ ಎಚ್ಚರವಾಯಿತು. ನಾಳೆ ಏರಿಸುವ ಹೊಸ ದೇಶದ ಬಾವುಟದಲ್ಲಿ ಮೂರು ಸೀಮೆಗೆ ಮೂರು ಪಟ್ಟೆ ಇದ್ದವಲ್ಲ, ನೀನಿರುವ ನಮ್ಮ ಸೀಮೆ ಗಡಿಯಾಚೆ ಉಳಿಯಿತೆಂದು ನೀಲಿಯನ್ನು ಕಿತ್ತುಹಾಕುತ್ತಿದ್ದಾರೆ. ಅಪ್ಪ ಲಾಠಿ ಏಟು ತಿಂದದ್ದು ಅದೇ ಬಾವುಟ ಹಿಡಿದು.

"ಅಳಬೇಡ ತಾಯಿ, ಬಟ್ಟೆ ಏನು ಪಾಪ ಮಾಡಿದೆ? ಕೂಸಿಗೆ ಹಾಸು," ಎಂದು ದರ್ಜಿ, ಕೆಳಗಿಳಿದು ಹೋದ ನನ್ನ ಮಡಿಲು ತುಂಬ ನೀಲಿ ಪಟ್ಟೆ ಕೊಟ್ಟರು. ಮಗಳ ಜ್ವರ ಇಳಿದಿದೆ, ಅದರ ಮೇಲೇ ಮಲಗಿದ್ದಾಳೆ.

ಗಡಿ ದಾಟಿ ನಿನ್ನತ್ತ ಬರುವ ಕೊನೆಯ ಬಸ್ಸಿನ ಡ್ರೈವರ್ ಕೈಯಲ್ಲಿ ಕಾರ್ಡು ಕೊಡುತ್ತಿದ್ದೇನೆ, ರಾತ್ರಿಯೇ ಮುಟ್ಟುತ್ತದೆ. ಬೆಳಗಾದರೆ ಫೋನ್ ತಂತಿಯನ್ನೂ ಕಡಿಯುತ್ತಾರಂತೆ. ದರ್ಜಿ ಅಂಗಡಿಯ ಫೋನಿನ ಹತ್ತಿರವೇ ಕೂತಿರುತ್ತೇನೆ, ನಂಬರು ಕಾರ್ಡಿನ ಹಿಂದೆ ಬರೆದಿದ್ದೇನೆ. ಬೆಳಕು ಹರಿಯುವ ಮೊದಲು, ಫೋನ್ ಇರುವ ಯಾರನ್ನಾದರೂ ಎಬ್ಬಿಸಿ, ಒಂದೇ ಒಂದು ಸಲ ಫೋನ್ ಮಾಡಮ್ಮ.