ಗುಳಿಗೆ ತಪ್ಪಿಸದವರಿಗೆ ಶಾಲು ಬೇಡ

ಔಷಧಿ ಕೇಂದ್ರದ ಮುಖ್ಯಾಧಿಕಾರಿಗಳೇ,

ಎಚ್‌ಐವಿ ಗುಳಿಗೆಯನ್ನು ತಪ್ಪದೆ ನುಂಗಿದ ಮಹಿಳೆಯರಿಗೆ ಶಾಲು ಹೊದಿಸಿ, ಹಾರ ಹಾಕಿ, ಕುಟುಂಬ ಸಮೇತ ವೇದಿಕೆಯ ಮೇಲೆ ಸನ್ಮಾನಿಸಲು ಹೊರಟಿದ್ದೀರಿ. ದಯವಿಟ್ಟು ಕೈಬಿಡಿ. ಸನ್ಮಾನಿಸಲಿರುವವರಲ್ಲಿ ನಾನೂ ಒಬ್ಬಳು.

ಈ ಗುಳಿಗೆ ನುಂಗುವುದಕ್ಕಿಂತ ನುಂಗುವುದನ್ನು ಮುಚ್ಚಿಡುವುದು ಕಷ್ಟವೆಂದು ನಿಮಗೆ ತಿಳಿಯದೇ? ಗುರುತಿನವರು ಕಂಡಾರೆಂದು ಬ್ಯಾಡಗಿಯವಳು ರಾಣೇಬೆನ್ನೂರಿಗೆ ಬರುತ್ತಾಳೆ. ಅದೇ ಭಯಕ್ಕೆ ರಾಣೇಬೆನ್ನೂರಿನವಳು ಹಾವೇರಿಯ ಬಸ್ಸು ಹತ್ತುತ್ತಾಳೆ. ನಿಲ್ದಾಣದಲ್ಲಿ ಎದುರಾದರೆ ಇಬ್ಬರೂ ಮೊಣಕಾಲು ನೋವೆಂದು ಹೇಳಿಕೊಂಡು, ಕುಂಟುತ್ತ ಬೇರೆಯಾಗುತ್ತಾರೆ.

ನನ್ನ ಗೆಳತಿಯೊಬ್ಬಳು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. ಮಂಗಳವ್ವ ಎನ್ನೋಣ, ನಿಜವಾದ ಹೆಸರು ಬೇರೆ. ಡಬ್ಬಿ ಗಲಗಲ ಎಂದರೆ ಅತ್ತೆಗೆ ಕೇಳಿಸುತ್ತದೆಂದು ಗುಳಿಗೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಖಾರದಪುಡಿಯಲ್ಲಿ ಹುಗಿದಿಟ್ಟಿದ್ದಾಳೆ. ದಿನವೂ ಸೀನುತ್ತಲೇ ನುಂಗುತ್ತಿದ್ದಳು. ಮೊದಮೊದಲು, "ನುಂಗಿದ್ರ ರೋಗ ಐತಿ ಅಂತ ಒಪ್ಪಿಕೊಂಡಂಗ" ಎನ್ನುತ್ತಿದ್ದವಳು, ಮೈಗೆ ಶಕ್ತಿ ಬಂದ ಮೇಲೆ ಮಗಳ ಮದುವೆಯ ಮಾತಾಡತೊಡಗಿದ್ದಳು.

ಆಗ ನಿಮ್ಮ ಸಿಬ್ಬಂದಿಯ ಫೋನು ಬಂತು. ಅವಳೇ ನನಗೆ ಹೇಳಿದ್ದು.

"ಬ್ಯಾನರಿಗೆ ಫೋಟೊ ಕಳಸ್ರಿ. ಅಂಜಬ್ಯಾಡ್ರಿ, ಕಣ್ಣಿಗೆ ಕರಿ ಪಟ್ಟಿ ಹಾಕಸ್ತೇವಿ."

"ಮತ್ತ ಹೆಸರು?"

"ಹೆಸರು, ಊರು ಕೆಳಗ ದೊಡ್ಡ ಅಕ್ಷರದಾಗ ಬರತಾವ್ರಿ. ಸನ್ಮಾನ ಯಾರಿಗೆ ಅಂತ ಮಂದಿಗೆ ತಿಳೀಬೇಕಲ್ರಿ."

ಮಂಗಳವ್ವ ತುಸು ಯೋಚಿಸಿ ಕೇಳಿದಳಂತೆ: "ಅಲ್ರೀ, ನಾ ಗುಳಿಗಿ ತಪ್ಪಿಸಿದ್ರ ನನ್ನ ಬಿಡತೀರೇನ್ರಿ?"

"ಹಂಗಾದ್ರ ನಿಮಗ ಶಾಲು ಸಿಗೂದಿಲ್ಲ ನೋಡ್ರಿ" ಎಂದು ಆತ ಮರುಗಿದನಂತೆ.

ಅಂದಿನಿಂದ ಅವಳು ಖಾರದಪುಡಿಗೆ ಕೈ ಹಾಕಿಲ್ಲ. ಸೀನೂ ನಿಂತಿದೆ. ಅತ್ತೆ ಸೊಸೆಯ ಆರೋಗ್ಯ ಸುಧಾರಿಸಿತೆಂದು ಖುಷಿಯಾಗಿದ್ದಾರೆ.

ಗುಳಿಗೆ ತಪ್ಪಿಸಿದರೆ ವೈರಾಣು ಮತ್ತೆ ಹೆಚ್ಚುತ್ತದೆ, ಆಮೇಲೆ ಅದೇ ಔಷಧಿಗೆ ಬಗ್ಗದೆಯೂ ಹೋಗಬಹುದು ಎಂದು ನಮಗೆ ಕಲಿಸಿದವರು ನೀವೇ ಅಲ್ಲವೇ? ಒಪ್ಪಿಗೆಯಿಲ್ಲದೆ ನಮ್ಮ ಗುರುತು ಬಯಲು ಮಾಡುವಂತಿಲ್ಲ ಎನ್ನುತ್ತದೆ 2017ರ ಎಚ್‌ಐವಿ ಕಾಯ್ದೆ. ಅದರ ಕಣ್ಣಿಗೂ ಕರಿ ಪಟ್ಟಿ ಹಾಕಿಸಿದ್ದೀರೋ?

ಬ್ಯಾನರು ಮುದ್ರಣಕ್ಕೆ ಹೋಗುವ ಮುನ್ನ ಸಮಾರಂಭ ರದ್ದು ಮಾಡಿ. ತಂದಿಟ್ಟ ಶಾಲನ್ನು ನೀವೇ ಹೊದ್ದುಕೊಳ್ಳಿ, ನಾವು ಚಪ್ಪಾಳೆ ತಟ್ಟುತ್ತೇವೆ. ಮಂಗಳವ್ವನಿಗೆ ಮಾತ್ರ ಇಂದೇ, ಖುದ್ದಾಗಿ ಫೋನು ಮಾಡಿ, ಗುಳಿಗೆ ಮತ್ತೆ ಶುರು ಮಾಡಲು ಹೇಳಿ. ಅವಳು ಯಾರೆಂದು ಫೋಟೊ ಕೇಳಿದ ನಿಮ್ಮ ಸಿಬ್ಬಂದಿಗೆ ಗೊತ್ತಿದೆ. ಅತ್ತೆ ಎತ್ತಿದರೆ ಮೊಣಕಾಲಿನ ಡಾಕ್ಟರು ಎನ್ನಿ.

ಇಂತಿ,
ಸನ್ಮಾನಕ್ಕೆ ಅರ್ಹಳಾಗಿ ಕಂಗಾಲಾದವಳು
(ಹೆಸರು ನಿಮಗೆ ಗೊತ್ತಿದೆ. ನಿಮಗಷ್ಟೇ ಗೊತ್ತಿರಲಿ.)