ಹದ್ದಿನ ಸಾಕ್ಷಿ

ಸ್ಟರ್ಲಿಂಗ್ ಹೈಟ್ಸ್, ಮಾರ್ಚ್ ೧೯೭೪

ಅಕ್ಕ ಕಮಲವ್ವನವರಿಗೆ ಶರಣು.

ನಿಮ್ಮ ತಮ್ಮನ ಜೀವಕ್ಕೇನೂ ಅಪಾಯವಿಲ್ಲ. ದವಡೆ ಮುರಿದಿದೆ, ತಂತಿ ಹಾಕಿ ಬಿಗಿದಿದ್ದಾರೆ. ಗಂಜಿ ಮಾತ್ರ ಇಳಿಯುತ್ತದೆ.

ಭಾನುವಾರ ಪಕ್ಕದ ಮನೆಯವನು ಬಿಳಿತಲೆಯ ಹದ್ದೊಂದಕ್ಕೆ ಗುಂಡು ಹೊಡೆದ. ಇಲ್ಲಿಯ ನಾಣ್ಯದ ಮೇಲಿರುವ, ಈ ದೇಶದ ಗುರುತಿನ ಹಕ್ಕಿ ಅದು. ನಮ್ಮ ಹಿತ್ತಲಲ್ಲಿ ಬಿದ್ದು ಒದ್ದಾಡುತ್ತಿತ್ತು. ಇವರು ಕಂಬಳಿ ಹೊದಿಸಲು ಹೋದಾಗ ಉಗುರಿನಿಂದ ಇವರ ಅಂಗೈ ಸೀಳಿತು. ಅಷ್ಟರಲ್ಲಿ ಅವನು ಬೇಲಿ ಹಾರಿ ಬಂದ. “ಇನ್ನೂ ಜೀವ ಐತಿ, ಹೊಡೀಬ್ಯಾಡೋ!” ಎಂದು ಇವರು ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿದರು. ಅವನು ಬಂದೂಕಿನ ಹಿಡಿಯಿಂದ ಮೊದಲು ಇವರ ಮುಖಕ್ಕೆ ಹೊಡೆದ, ಆಮೇಲೆ ಹದ್ದಿನ ತಲೆ ಜಜ್ಜಿದ. ನಾನು ಬಾಗಿಲಲ್ಲೇ ನಿಂತಿದ್ದೆ.

ಪೊಲೀಸರು ಸತ್ತ ಹದ್ದನ್ನು ಜೋಪಾನವಾಗಿ ಚೀಲದಲ್ಲಿಟ್ಟು ಒಯ್ದರು. ಅದನ್ನು ಕೊಂದವನಿಗೆ ಜೈಲಾಗಬಹುದಂತೆ. ನನ್ನ ಗಂಡನನ್ನು ಹೊಡೆದದ್ದಕ್ಕೇನು ಎಂದು ಕೇಳಿದೆ. “ಅದು ನೆರೆಹೊರೆಯವರ ಜಗಳ,” ಎಂದರು.

ಬರುವ ಸೋಮವಾರ ಕೋರ್ಟಿಗೆ ನನ್ನನ್ನು ಸಾಕ್ಷಿಗೆ ಕರೆದಿದ್ದಾರೆ. ನೀವು ಗ್ಲೆಂಡೇಲ್ ಹೈಟ್ಸ್‌ನಿಂದ ಬಂದು ಮಕ್ಕಳನ್ನು ನೋಡಿಕೊಳ್ಳಿ. ಧಾರವಾಡಕ್ಕೆ ಈಗಲೇ ಏನೂ ಬರೆಯಬೇಡಿ.

ಕೋರ್ಟಿನಲ್ಲಿ ಹದ್ದಿನ ಬಗ್ಗೆಯೇ ಕೇಳುತ್ತಾರೆ. ನಾನು ಮಾತ್ರ ಇವರ ದವಡೆಯಿಂದ ಶುರುಮಾಡುತ್ತೇನೆ.

ನಿಮ್ಮ,
ಶಿವಕ್ಕ